ಗಾದ್ರಮ್ಮ ಇಟ್ಟ ಜಾಗ

ಗಂಗೋತ್ರಿ ಹಗ್ಗದ ಗಂಟು ಬಿಚ್ಚಲು ನೋಡಿದಳು. ಆಗಲಿಲ್ಲ. ಕೊನೆಗೆ ಕುಡಗೋಲು ತಂದು ಕತ್ತರಿಸಿದಳು. ಹಿತ್ತಿಲ ಬಾಗಿಲಿನಿಂದ ಬಚ್ಚಲಿನವರೆಗೆ, ಎದೆಮಟ್ಟಕ್ಕೆ ಎಳೆದು ಕಟ್ಟಿದ್ದ ನೈಲಾನ್ ಹಗ್ಗ ಅದು. ಹೆಣಕ್ಕೆ ಸ್ನಾನ ಮಾಡಿಸಲು ನೀರು ಹೊರುತ್ತಿದ್ದ ಇಬ್ಬರು ಹೆಂಗಸರು ಆಗಲೇ ಅದಕ್ಕೆ ಸಿಕ್ಕಿಕೊಂಡಿದ್ದರು.

"ಬಟ್ಟೆ ಹಾಕೋ ಹಗ್ಗ ಯಾರಾದ್ರೂ ಓಡಾಡೋ ಕಡೆ ಕಟ್ತಾರಾ? ಅದ್ರಾಗೆ ಮಾರಿಗೊಂದು ಗಂಟು ಬೇರೆ," ಎಂದಳು.

"ನಿಮ್ಮವ್ವಂದು ಮೊದ್ಲಿಂದಾನೂ ಹಂಗೇ ಅಲ್ಲೇನವ್ವ," ಎಂದಳು ಕೊಡ ಹೊತ್ತವಳು. "ಬಾಚಣಿಗೆ ಹುಡುಕಿದ್ರೆ ಉಪ್ಪಿನ ಮಡಿಕೆಯಾಗೆ ಸಿಕ್ತಿತ್ತು."

ಇನ್ನೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಗಂಗೋತ್ರಿಗೂ ಅಳುವಿನ ನಡುವೆಯೇ ನಗು ಬಂತು. ಹಿಂದೆಯೇ ನಾಚಿಕೆಯಾಯಿತು. ಹಗ್ಗ ಸುತ್ತಿ ಕಟ್ಟಿಗೆ ರಾಶಿಯ ಹಿಂದೆ ಎಸೆದಳು.

ಹಿಂದಿನ ದಿನ ಮಧ್ಯಾಹ್ನ ಜಗಳೂರಿನ ಶೇಂಗಾ ಗಿರಣಿಯಲ್ಲಿ ಕಾಯಿ ಕೇರುತ್ತಾ ಕೂತಿದ್ದ ಗಾದ್ರಮ್ಮ, ಹಾಗೇ ಮೊರದ ಮೇಲೆ ಬಾಗಿದವಳು ಮತ್ತೆ ಏಳಲಿಲ್ಲ. ವಯಸ್ಸು ಅರವತ್ತನಾಲ್ಕು. ಒಬ್ಬಳೇ ಮಗಳು ಗಂಗೋತ್ರಿ. ಅವಳನ್ನು ತ್ಯಾವಣಿಗೆಗೆ ಕೊಟ್ಟಿತ್ತು. ಅಲ್ಲಿ ಅಂಗನವಾಡಿ ಟೀಚರ್. ಹಬ್ಬಕ್ಕೆ ತಾಯಿಯೇ ಬಸ್ಸು ಹತ್ತಿ ಮಗಳ ಮನೆಗೆ ಬಂದು ಹೋಗುತ್ತಿದ್ದಳು. ಹಾಗಾಗಿ ಗಂಗೋತ್ರಿ ಈ ಮನೆಯ ಹೊಸಿಲು ದಾಟಿ ಎರಡು ವರ್ಷ ಮೀರಿತ್ತು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯ ಸಾವಂತ್ರಮ್ಮ ಬೆಳಗ್ಗೆಯಿಂದ ತನ್ನ ಮನೆಯಲ್ಲೇ ಬಂದವರಿಗೆ ಅನ್ನ ಬೇಯಿಸುತ್ತಿದ್ದಳು. ಇಲ್ಲಿಯ ಅಡಿಗೆಮನೆಗೆ ನೀರು ಕುಡಿಯುವ ನೆಪದಲ್ಲಿ ಬೀಗರ ಕಡೆಯವರು ಬಂದು ಹೋಗುತ್ತಿದ್ದರು. ಗಂಗೋತ್ರಿ ಒಳಗೆ ಬಂದು ನೋಡಿದರೆ, ಗೋಡೆಗುಂಟ ನೆಲದ ಮೇಲೆ ಹನ್ನೊಂದು ಡಬ್ಬಿಗಳು ಸಾಲಾಗಿ ಕೂತಿದ್ದವು. ಒಂದರ ಕುತ್ತಿಗೆಗೆ ದಾರ, ಒಂದಕ್ಕೆ ಹರಕು ಬಟ್ಟೆ, ಒಂದಕ್ಕೆ ರಬ್ಬರ್ ಬ್ಯಾಂಡ್. ಬೆಂಕಿಪೊಟ್ಟಣ ಮೊಳೆಗೆ ನೇತಾಡುತ್ತಿತ್ತು. ಮೇಲಿನ ಶೆಲ್ಫು ಮಾತ್ರ ಖಾಲಿ.

ಬೀಗಿತ್ತಿಯೊಬ್ಬಳು ಡಬ್ಬಿಗಳ ಕಡೆ ಒಮ್ಮೆ, ಶೆಲ್ಫಿನ ಕಡೆ ಒಮ್ಮೆ ನೋಡಿ ಹೊರಗೆ ಹೋದಳು.

ಗಂಗೋತ್ರಿ ಸೆರಗು ಸಿಕ್ಕಿಸಿಕೊಂಡಳು. ದಾರ ಬಿಚ್ಚಿದಳು, ಬಟ್ಟೆ ಬಿಚ್ಚಿದಳು, ಡಬ್ಬಿಗಳನ್ನು ಒರೆಸಿ ದೊಡ್ಡವು ಹಿಂದೆ, ಸಣ್ಣವು ಮುಂದೆ ಮಾಡಿ ಶೆಲ್ಫಿನಲ್ಲಿ ಜೋಡಿಸಿದಳು.

ಪಡಸಾಲೆಯಲ್ಲಿ ಹೆಣದ ತಲೆಯ ಬಳಿ ಕೂತಿದ್ದ ದ್ಯಾಮಮ್ಮ ಸದ್ದು ಬಂದ ಕಡೆ ಮುಖ ತಿರುಗಿಸಿದಳು. ಅವಳು ಗಾದ್ರಮ್ಮನ ವಾರಗಿತ್ತಿ, ಇದೇ ಮನೆಯಲ್ಲಿ ಜೊತೆಗಿದ್ದವಳು; ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರು. ಎಪ್ಪತ್ತೊಂದು ವರ್ಷದ ಅವಳಿಗೆ ಸಕ್ಕರೆ ಕಾಯಿಲೆಯಿಂದ ಎರಡೂ ಕಣ್ಣು ಹೋಗಿದ್ದವು.

"ಯಾರು ಒಳಗೆ?"

"ನಾನು ದೊಡ್ಡವ್ವ, ಗಂಗೋತ್ರಿ. ಒಂಚೂರು ಸ್ವಚ್ಛ ಮಾಡ್ತಿದೀನಿ. ಜನ ಬರ್ತಾವ್ರೆ."

ದ್ಯಾಮಮ್ಮ ಕೈ ಎತ್ತಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಹಿರೇಮಲ್ಲನಹೊಳೆ ಕಡೆಯಿಂದ ಬಂದ ಹೆಂಗಸರ ಗುಂಪು ಅಳುತ್ತಾ ಒಳನುಗ್ಗಿತು. ಒಬ್ಬಳು ಅವಳ ಕೊರಳು ತಬ್ಬಿ ಬಿದ್ದಳು. ಹೊರಗೆ ತಮಟೆಯವರು ಚರ್ಮ ಕಾಸಿ ಬಡಿಯತೊಡಗಿದರು.

*

ದ್ಯಾಮಮ್ಮ ಆ ಮನೆಗೆ ಸೊಸೆಯಾಗಿ ಬಂದ ಏಳು ವರ್ಷಕ್ಕೆ ಗಾದ್ರಮ್ಮ ಬಂದಳು. ದ್ಯಾಮಮ್ಮನಿಗೆ ಮಕ್ಕಳಾಗಲಿಲ್ಲ. ಮನೆಯೇ ಅವಳ ಸರ್ವಸ್ವವಾಗಿತ್ತು. ತೊಳೆದ ಪಾತ್ರೆಗಳ ಬಾಯಿ ಗೋಡೆಯ ಕಡೆಗೇ ಇರಬೇಕು, ಪೊರಕೆ ಮೂಲೆಯಲ್ಲಿ ನಿಂತೇ ಇರಬೇಕು. ಗಾದ್ರಮ್ಮನೋ, ಒದ್ದೆ ಸೀರೆಯನ್ನು ಹಾಸಿಗೆಯ ಮೇಲೆ ಎಸೆಯುವವಳು. ಬಿಚ್ಚಿದ ಡಬ್ಬಿಯ ಮುಚ್ಚಳ ಎಲ್ಲೋ, ಡಬ್ಬಿ ಎಲ್ಲೋ. ಬೈದರೆ ನಗುವಳು. "ಎಲ್ಲಿ ಹೋಗ್ತೈತೆ ಬಿಡಕ್ಕ, ಮನ್ಯಾಗೇ ಇರ್ತೈತೆ."

ಒಂದು ದಿನ ಹಾಲಿನ ಪಾತ್ರೆಯಲ್ಲಿ ಗಾದ್ರಮ್ಮನ ಬಳೆ ಸಿಕ್ಕಿತು. ದ್ಯಾಮಮ್ಮ ಸುಣ್ಣದ ಮಡಿಕೆ ತಂದು ಅಡಿಗೆಮನೆಯ ನಡುವೆ ಗೆರೆ ಎಳೆದಳು.

"ಇದ್ರಿಂದ ಈಚೆ ನಿಂದು ಒಂದು ಚಮಚಾನೂ ಬರಕೂಡ್ದು."

ಹನ್ನೊಂದು ವರ್ಷ ಆ ಗೆರೆ ಇತ್ತು. ಮಾಸಿದಂತೆಲ್ಲ ದ್ಯಾಮಮ್ಮ ಮತ್ತೆ ಬಳಿಯುತ್ತಿದ್ದಳು. ಒಂದೇ ಅಡಿಗೆಮನೆಯಲ್ಲಿ ಎರಡು ಒಲೆ, ಎರಡು ಹೊಗೆ. ಗೆರೆ ದಾಟಲು ಅನುಮತಿ ಇದ್ದದ್ದು ಪುಟ್ಟ ಗಂಗೋತ್ರಿಗೆ ಮಾತ್ರ. ಅವಳು ದೊಡ್ಡವ್ವನ ಪಕ್ಕ ಮಲಗುತ್ತಿದ್ದಳು, ಅಂಚಿಗೆ ಅಂಚು ಕೂಡಿಸಿ ಲಂಗ ಮಡಿಸುವುದನ್ನು ಅಲ್ಲೇ ಕಲಿತಳು. ಆರನೇ ಕ್ಲಾಸಿನಲ್ಲಿದ್ದಾಗ ಗೆಳತಿಯೊಬ್ಬಳು ಮನೆಗೆ ಬಂದಾಗ ತಾಯಿಯ ಒಲೆಯ ಕಡೆ ಕೈ ತೋರಿಸಿ, "ಆ ಕಡೆ ಹೋಗಬ್ಯಾಡ, ಗಲೀಜು," ಎಂದಿದ್ದಳು.

ರೊಟ್ಟಿ ತಟ್ಟುತ್ತಿದ್ದ ಗಾದ್ರಮ್ಮನಿಗೆ ಅದು ಕೇಳಿಸಿತ್ತು. ಅವಳು ಆಗಲೂ ನಕ್ಕಿದ್ದಳು. ಆದರೆ ರೊಟ್ಟಿ ಸೀದಿತ್ತು.

*

ಹೆಣ ಎತ್ತುವ ಮುಂಚೆ ಗಂಡಸರು ದ್ಯಾಮಮ್ಮನ ಮಾತು ತೆಗೆದರು. ಅವಳ ತಮ್ಮ ಯರ್ರಿಸ್ವಾಮಿ, ಹಳ್ಳಿಯಲ್ಲಿ ಕುರಿ ಸಾಕಿಕೊಂಡಿದ್ದವನು, ಅಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಇನ್ನು ನೀ ಒಬ್ಳೇ ಹೆಂಗೆ ಇರ್ತೀಯಕ್ಕ? ನಮ್ಮನಿಗೆ ನಡಿ."

"ನಾ ಎಲ್ಲಿಗೂ ಬರಲ್ಲ," ಎಂದಳು ದ್ಯಾಮಮ್ಮ. "ಈ ಮನ್ಯಾಗೆ ನಂಗೆ ಕಣ್ಣು ಬ್ಯಾಡ. ಅನ್ನ ಮಾಡ್ಕಂತೀನಿ, ಬಚ್ಚಲಿಗೆ ಹೋಗಿ ಬರ್ತೀನಿ. ಸಾವಂತ್ರಿ ದಿನಕ್ಕೊಂದ್ಸಲ ಇಣುಕಿ ಹೋದ್ರೆ ಸಾಕು."

"ಅನ್ನ ನೀ ಮಾಡ್ತೀಯಾ?" ಗಂಗೋತ್ರಿಯ ಗಂಡ ಭೀಮೇಶ್ ನಂಬದೆ ಕೇಳಿದ.

"ವರ್ಷದ ಮೇಲಾತು, ಮಾಡ್ತಿದೀನಿ. ಅವ್ಳು ಗಿರಣಿಗೆ ಹೋದ್ಮ್ಯಾಲೆ ಇನ್ಯಾರು ಮಾಡ್ಬೇಕು?"

ಯರ್ರಿಸ್ವಾಮಿ ತಲೆ ಕೆರೆದುಕೊಂಡ. ಅವನ ಹಟ್ಟಿಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮಳೆ ಬಂದರೆ ಕುರಿಮರಿಗಳೂ ಒಳಗೇ. ಅಕ್ಕ ಬರುವುದಿಲ್ಲವೆಂದದ್ದು ಅವನಿಗೆ ಸ್ವಲ್ಪ ಹಗುರವೇ ಆಗಿರಬೇಕು. "ಆತು. ತಿಥಿ ತನಕ ನೋಡಾನ," ಎಂದು ಎದ್ದ.

ಹೆಣ ಹೊರಟಾಗ ದ್ಯಾಮಮ್ಮ ಗೋಡೆ ಹಿಡಿದು ಬಾಗಿಲವರೆಗೆ ಬಂದಳು. ತಮಟೆಯ ಸದ್ದು ಬಸ್‌ಸ್ಟ್ಯಾಂಡಿನ ಕಡೆ ತಿರುಗಿ ಸಣ್ಣಗಾಗುವವರೆಗೂ ನಿಂತಿದ್ದಳು.

*

ಕಣ್ಣು ಮಂಜಾಗತೊಡಗಿದಾಗ ದ್ಯಾಮಮ್ಮ ಯಾರಿಗೂ ಹೇಳಿರಲಿಲ್ಲ. ಎಲ್ಲ ಸಾಮಾನೂ ಅವಳು ಇಟ್ಟಲ್ಲೇ ಇರುತ್ತಿದ್ದರಿಂದ ಗೊತ್ತಾಗಲೂ ಇಲ್ಲ. ಅಷ್ಟರಲ್ಲಿ ಗಂಡಂದಿರಿಬ್ಬರೂ ತೀರಿಹೋಗಿದ್ದರು, ಸುಣ್ಣದ ಗೆರೆಯನ್ನು ಬಳಿಯುವುದೂ ನಿಂತಿತ್ತು. ಪೂರ್ತಿ ಕತ್ತಲಾದ ಮೇಲೆ ಒಂದು ಬೆಳಗ್ಗೆ, ಗಾದ್ರಮ್ಮ ನಡುಬಾಗಿಲಲ್ಲಿ ಬಿಟ್ಟುಹೋಗಿದ್ದ ಬಕೆಟ್ಟಿಗೆ ಎಡವಿ ದ್ಯಾಮಮ್ಮ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಸಂಜೆ ಗಾದ್ರಮ್ಮ ಗಿರಣಿಯಿಂದ ಬರುವ ತನಕ ನೆಲದಲ್ಲೇ ಬಿದ್ದಿದ್ದಳು.

ದಾವಣಗೆರೆಯ ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದಾಗಲೂ ದ್ಯಾಮಮ್ಮ ಬೈಯಲಿಲ್ಲ. ಬೈದಿದ್ದರೆ ಗಾದ್ರಮ್ಮ ನಕ್ಕು ಸುಮ್ಮನಾಗುತ್ತಿದ್ದಳೇನೋ.

ಮಾರನೇ ದಿನ ಸಾವಂತ್ರಮ್ಮ ಸಾರು ಕೊಡಲು ಬಂದಾಗ, ಗಾದ್ರಮ್ಮ ಕಣ್ಣಿಗೆ ಸೆರಗು ಬಿಗಿದುಕೊಂಡು, ಎರಡೂ ಕೈ ಮುಂದೆ ಚಾಚಿ, ಹಿತ್ತಿಲಲ್ಲಿ ನಡೆಯುತ್ತಿದ್ದಳು. ಮೊಳಕಾಲು ತರಚಿ ರಕ್ತ ಬಂದಿತ್ತು.

"ಏನೇ ಇದು, ತಲೆ ಕೆಡ್ತಾ?"

"ತೊಟ್ಟಿ ಹತ್ರ ಏನೂ ಸಿಗಲ್ಲ ಕಣೆ ಹಿಡ್ಕಳಾಕೆ. ಹಗ್ಗ ಬೇಕು," ಎಂದಳು ಗಾದ್ರಮ್ಮ ಕಣ್ಣು ಬಿಚ್ಚದೆ.

ಹಗ್ಗ ಹಿಡಿದು ನಡೆದಾಗ ಕೈಗೆ ಒಂದು ಗಂಟು ಬಂದರೆ ಮೆಟ್ಟಿಲು, ಎರಡು ಗಂಟು ಬಂದರೆ ನೀರಿನ ತೊಟ್ಟಿ, ಮೂರು ಬಂದರೆ ಬಚ್ಚಲು. ಶೆಲ್ಫಿಗೆ ಕೈ ಎತ್ತಿದರೆ ಡಬ್ಬಿ ಉರುಳುವುದೆಂದು ಎಲ್ಲ ನೆಲಕ್ಕಿಳಿದವು. ದಾರದ್ದು ಉಪ್ಪು, ಬಟ್ಟೆಯದ್ದು ಬೇಳೆ, ರಬ್ಬರಿನದು ಚಾಪುಡಿ. ಮೊದಲ ತಿಂಗಳು ಗಾದ್ರಮ್ಮನ ಕೈ ಹಳೆಯ ಚಾಳಿ ಬಿಡಲಿಲ್ಲ. ಉಪ್ಪಿನ ಜಾಗದಲ್ಲಿ ಸೋಡ ಇಟ್ಟಳು. ದ್ಯಾಮಮ್ಮ ತಟ್ಟೆ ತಳ್ಳಿ, "ನಿನ್ ಕೈಲಾಗಲ್ಲ ಬಿಡು, ಹುಟ್ಟುಗುಣ," ಎಂದಳು. ಗಾದ್ರಮ್ಮ ಅಂದಿನಿಂದ ಗಿರಣಿಗೆ ಹೊರಡುವ ಮುಂಚೆ ದಿನವೂ ಕಣ್ಣುಮುಚ್ಚಿ ಹನ್ನೊಂದೂ ಡಬ್ಬಿ ಮುಟ್ಟಿ ನೋಡಿಯೇ ಹೋಗುತ್ತಿದ್ದಳು.

ಆರು ತಿಂಗಳಾದ ಮೇಲೆ ಒಂದು ಭಾನುವಾರ ದ್ಯಾಮಮ್ಮ ಒಬ್ಬಳೇ ಚಾ ಮಾಡಿ, ಲೋಟ ಹಿಡಿದು, ಪಡಸಾಲೆಗೆ ನಡೆದು ಬಂದು ಕೊಟ್ಟಳು. ಗಾದ್ರಮ್ಮ ಗುಟುಕರಿಸಿ, "ಸಕ್ಕರೆ ಜಾಸ್ತಿ ಆತಕ್ಕ," ಎಂದಳು. "ಸುಮ್ನೆ ಕುಡಿ," ಎಂದಳು ದ್ಯಾಮಮ್ಮ.

*

ಮಣ್ಣು ಕೊಟ್ಟು ಬಂದವರು ಕೈಕಾಲು ತೊಳೆಯಲು ಹಿತ್ತಿಲಿಗೆ ಬಂದಾಗ ಮೊದಲು ನೋಡಿದವಳು ಗಂಗೋತ್ರಿ. ದ್ಯಾಮಮ್ಮ ಕಾಂಪೌಂಡಿನ ಮೂಲೆಯಲ್ಲಿ, ಗೋಡೆಗೆ ಮುಖ ಮಾಡಿ ನಿಂತಿದ್ದಳು. ಅಂಗೈಗಳನ್ನು ಗೋಡೆಗೆ ಊರಿದ್ದಳು. ಸೀರೆ ಸೊಂಟದಿಂದ ಕೆಳಗೆ ಒದ್ದೆಯಾಗಿತ್ತು, ಕಾಲ ಬಳಿ ಮಣ್ಣು ನೆನೆದಿತ್ತು. ಅವಳ ಜೊತೆಗೆಂದು ಬಿಟ್ಟುಹೋಗಿದ್ದ ಮುದುಕಿ ಪಡಸಾಲೆಯಲ್ಲಿ ನಿದ್ದೆ ಹೋಗಿದ್ದಳು.

"ದೊಡ್ಡವ್ವ."

"ಗಂಗೂ? ಹಗ್ಗ ಎಲ್ಲೈತವ್ವ?" ದ್ಯಾಮಮ್ಮನ ದನಿ ಸಣ್ಣಗಿತ್ತು. "ಬಾಗ್ಲಿಂದ ಕೈ ಚಾಚಿದೆ, ಸಿಗ್ಲಿಲ್ಲ. ಇನ್ನೊಂದು ಹೆಜ್ಜೆ ಹೋದೆ. ಆಮ್ಯಾಲೆ ಬಾಗ್ಲೂ ಸಿಗ್ಲಿಲ್ಲ. ಕೂಗಿದೆ, ಯಾರೂ ಇರ್ಲಿಲ್ಲ."

ಹಿಂದೆ ಬಂದ ಗಂಡಸರು ತಲೆ ತಗ್ಗಿಸಿ ಮುಂಬಾಗಿಲಿನ ಕಡೆ ತಿರುಗಿದರು. ಅನ್ನದ ಪಾತ್ರೆ ಹಿಡಿದು ಬಂದ ಸಾವಂತ್ರಮ್ಮ ಬಾಗಿಲಲ್ಲೇ ನಿಂತು, ಹಗ್ಗವಿದ್ದ ಜಾಗ ನೋಡಿದಳು. ಆಮೇಲೆ ಅಡಿಗೆಮನೆಯ ಶೆಲ್ಫು ನೋಡಿದಳು. ಪಾತ್ರೆ ಕೆಳಗಿಟ್ಟಳು.

"ಯಾರವ್ವ ಇದನ್ನೆಲ್ಲ ತೆಗ್ದಿದ್ದು?"

"ನಾನು," ಎಂದಳು ಗಂಗೋತ್ರಿ.

ಸಾವಂತ್ರಮ್ಮ ಬೈಯಲಿಲ್ಲ. ದ್ಯಾಮಮ್ಮನ ಸೀರೆ ಬದಲಿಸುತ್ತಾ ಒಂದೊಂದಾಗಿ ಹೇಳಿದಳು: ಹಗ್ಗ ಯಾಕೆ, ಗಂಟು ಯಾಕೆ, ಡಬ್ಬಿಗಳು ನೆಲದಲ್ಲಿ ಯಾಕೆ, ಕಣ್ಣಿಗೆ ಸೆರಗು ಕಟ್ಟಿಕೊಂಡು ನಡೆದದ್ದು. ಗಂಗೋತ್ರಿ ಕಟ್ಟಿಗೆಯ ಹಿಂದಿನಿಂದ ಹಗ್ಗ ತಂದು ಕಟ್ಟಲು ನೋಡಿದಳು. ಬೆಳಗ್ಗೆ ಕುಡಗೋಲಿನಿಂದ ಮೂರು ಕಡೆ ಕತ್ತರಿಸಿದ್ದಳು, ತುಂಡು ಕೂಡಿಸಿ ಗಂಟು ಹಾಕಿದರೆ ಉದ್ದ ಸಾಲಲಿಲ್ಲ. ಡಬ್ಬಿಗಳನ್ನು ಇಳಿಸಿ ಗೋಡೆಗುಂಟ ಇಟ್ಟಳು. ದೊಡ್ಡವ್ವನನ್ನು ಕೈಹಿಡಿದು ಒಳಗೆ ಕರೆತಂದಳು.

"ದೊಡ್ಡವ್ವ, ಹೇಳು. ಮೊದ್ಲು ಯಾವ್ದು? ನೀ ಹೇಳಿದಂಗೆ ಇಡ್ತೀನಿ."

ದ್ಯಾಮಮ್ಮ ಬಗ್ಗಿ ಮೊದಲ ಡಬ್ಬಿಯ ಕುತ್ತಿಗೆ ಸವರಿದಳು. ಎರಡನೆಯದನ್ನು ಸವರಿದಳು. ಎಲ್ಲವೂ ಒಂದೇ ನುಣುಪು. ಗೋಡೆಯಿಂದ ಎಷ್ಟು ಗೇಣು, ಒಲೆಯಿಂದ ಎಷ್ಟು, ಅವಳ ಕೈಗೆ ಗೊತ್ತಿತ್ತೇ ಹೊರತು ಬಾಯಿಗೆ ಗೊತ್ತಿರಲಿಲ್ಲ. ಐದನೆಯ ಡಬ್ಬಿ ಕೈತಾಗಿ ಉರುಳಿತು. ಮುಚ್ಚಳ ಬಿಚ್ಚಿ ಬೇಳೆ ನೆಲದ ತುಂಬ ಹರಡಿತು.

"ಬಿಡವ್ವ," ಎಂದಳು. "ಅದು ಅವ್ಳಿಗೇ ಗೊತ್ತಿತ್ತು."

"ನಾ ನಾಲ್ಕು ದಿನ ಇದ್ದು ಎಲ್ಲ ಮೊದ್ಲಿನಂಗೆ ಮಾಡ್ತೀನಿ."

"ಅವ್ಳಿಗೆ ಆರು ತಿಂಗ್ಳು ಹಿಡೀತು."

ಗಂಗೋತ್ರಿ ಬೇಳೆ ಬಳಿಯುತ್ತಾ ಕೂತಳು. ಭೀಮೇಶ್ ಬಾಗಿಲಲ್ಲಿ ನಿಂತು, ತಮ್ಮದು ಮಹಡಿ ಮೇಲಿನ ಬಾಡಿಗೆ ಮನೆ, ಮೆಟ್ಟಿಲು ಕಿರಿದು ಎಂಬುದನ್ನು ಯಾರೂ ಕೇಳದಿದ್ದರೂ ಹೇಳಿದ. ಗಂಗೋತ್ರಿ ಒಲೆಯ ಸಂದಿಗೆ ಸರಿದಿದ್ದ ಬೇಳೆಯನ್ನೂ ಬಳಿದುಕೊಂಡಳು.

ಹೊರಗೆ ಯರ್ರಿಸ್ವಾಮಿ ಮಗನಿಗೆ ಫೋನ್ ಮಾಡುತ್ತಿದ್ದ. "ಹೂಂ, ಕರ್ಕೊಂಡೇ ಬರ್ತೀನಿ. ಇನ್ನೇನು ಮಾಡಾಕಾಗ್ತೈತೆ. ಮರಿ ಕಟ್ಟೋ ಮೂಲೆ ಐತಲ್ಲ, ಅದನ್ನ ಗುಡಿಸಿ ಒಂದು ಚಾಪೆ ಹಾಕ್ರಿ." ಫೋನ್ ಇಟ್ಟು ಒಳಬಂದು, "ಅಕ್ಕ, ಗೂಡ್ಸ್ ಆಟೋ ಹೇಳಿದೀನಿ," ಎಂದ.

ಬೆಳಗ್ಗೆ ಬರಲ್ಲ ಎಂದಿದ್ದ ದ್ಯಾಮಮ್ಮ ಈಗ ಗೋಡೆ ಸವರುತ್ತಾ ಎದ್ದಳು. ಎರಡು ಸೀರೆ, ಮಾತ್ರೆಗಳ ಕವರು, ಒಂದು ಲೋಟ. ಸಾವಂತ್ರಮ್ಮನೇ ಚೀಲಕ್ಕೆ ತುಂಬಿದಳು. ಗಂಗೋತ್ರಿ ಕೈಹಿಡಿದು ಹೊರಗೆ ಕರೆತಂದು, ಬೀದಿಯ ಅಂಚಿನಲ್ಲಿ, ಸಾವಿಗೆ ಹಾಕಿಸಿದ್ದ ಶಾಮಿಯಾನದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಕೂರಿಸಿದಳು.

"ಇಲ್ಲೇ ಕೂತಿರು ದೊಡ್ಡವ್ವ. ಅಲ್ಲಾಡಬ್ಯಾಡ. ಆಟೋ ಬರ್ತೈತೆ," ಎಂದು ಹೇಳಿ, ಮುಖ ತೊಳೆಯಲು ಒಳಗೆ ಹೋದಳು.

ಶಾಮಿಯಾನದ ಅಂಗಡಿಯ ಆಂಜನೇಯ ಮೇಲಿನ ಬಟ್ಟೆ ಇಳಿಸಿ ಸುತ್ತಿ, ಕಂಬ ಕಿತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ತನ್ನ ಗಾಡಿಗೆ ಹಾಕಿದ. ಎಣಿಸಿ ನೋಡಿದ, ಒಂದು ಕಮ್ಮಿ ಇತ್ತು. ತಿರುಗಿದರೆ, ಬಯಲಾದ ಬೀದಿಯಲ್ಲಿ, ಬಿಸಿಲಲ್ಲಿ, ದ್ಯಾಮಮ್ಮ ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಿದ್ದಳು. ಬಲಗೈಯನ್ನು ಪಕ್ಕಕ್ಕೆ ಚಾಚಿ ಗಾಳಿಯಲ್ಲಿ ಒಮ್ಮೆ ಆಡಿಸಿದಳು. ಎಡಗೈ ಚಾಚಿ ಆಡಿಸಿದಳು. ಆಮೇಲೆ ಎರಡೂ ಕೈ ಚೀಲದ ಮೇಲೆ ಇಟ್ಟುಕೊಂಡಳು.

ಆಂಜನೇಯ ಎರಡು ಹೆಜ್ಜೆ ಮುಂದೆ ಬಂದ. ಹಾಗೇ ಹಿಂದಕ್ಕೆ ತಿರುಗಿದ. ಗಾಡಿಯ ನೆರಳಿಗೆ ಹೋಗಿ, ಬೀಡಿ ಹಚ್ಚಿ, ಅವಳು ಏಳುವುದನ್ನೇ ಕಾಯುತ್ತಾ ಕೂತ.