ಕಳಿತ ಸೀಬೆಹಣ್ಣಿನ ವಾಸನೆ

ಮದಲೂರು ಕೆರೆಯಾಚೆಗಿನ ಹಟ್ಟಿಯಲ್ಲಿ ಬಸುರಿಯ ವಾಂತಿಗೆ ಇದ್ದದ್ದು ಒಂದೇ ಹೆಸರು: ಬಯಕೆ. ಹಾಗಾಗಿ ಸೊಸೆ ವನಜಾಕ್ಷಿಗೆ ವಾಂತಿ ಶುರುವಾದಾಗ ಗಿರಿಯಮ್ಮ ಹಿಗ್ಗಿದಳು. ಬಯಕೆ ಅಂದಮೇಲೆ ಬಯಸಿದ್ದನ್ನು ಕೊಡಬೇಕಲ್ಲ? ಪಕ್ಕದ ಮನೆಯವಳು ಹುಣಸೆಕಾಯಿ ತಂದಳು. ಗಿರಿಯಮ್ಮ ನಿಪ್ಪಟ್ಟು ತಟ್ಟಿದಳು.

“ಏನು ಬೇಕು ಕೇಳವ್ವ, ನಾಚ್ಕೋಬ್ಯಾಡ.”

“ಏನೂ ಬ್ಯಾಡ ಅತ್ತೆ. ನೀರು ಕಂಡ್ರೂ ಆಗಲ್ಲ.”

“ನಿನ್ ಗಂಡ ಜಯರಾಮು ಹೊಟ್ಟೇಲಿದ್ದಾಗ ನಂಗೂ ಇಂಗೇ ಆಗಿತ್ತು ಕಣಮ್ಮ. ಮೂರು ತಿಂಗ್ಳು ಕಳೀಲಿ, ಕಲ್ಲು ಕೊಟ್ರೂ ಅರಗಿಸ್ಕೊತೀಯ.”

ಆ ಮಾತಿನ ಧೈರ್ಯದಲ್ಲೇ ಒಂದು ವಾರ ಕಳೆಯಿತು. ವನಜಾಕ್ಷಿಯ ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಗುಟುಕು ನೀರು ಕುಡಿದರೂ ಹಿಂದಕ್ಕೆ ಬರುತ್ತಿತ್ತು. ಎದ್ದು ನಿಂತರೆ ಕಣ್ಣು ಕತ್ತಲಿಡುತ್ತಿತ್ತು.

ಒಂದು ಬೆಳಿಗ್ಗೆ ಅವಳ ಬಾಯಿ ಒರೆಸಲು ಬಾಗಿದ ಗಿರಿಯಮ್ಮ ಹಾಗೇ ನಿಂತುಬಿಟ್ಟಳು. ಉಸಿರಿನಲ್ಲಿ ಕಳಿತ ಸೀಬೆಹಣ್ಣಿನಂಥ ವಾಸನೆ. ಅದು ಅವಳಿಗೆ ಹೊಸದಲ್ಲ. ಅವಳಿ ಮರಿ ಹೊತ್ತ ಕುರಿ ಮೇವು ಬಿಟ್ಟು ಮೂಲೆ ಹಿಡಿದಾಗ ಅದರ ಬಾಯಿಂದಲೂ ಹೀಗೇ ಬರುತ್ತದೆ. ಅಂಥ ಕುರಿಗಳಲ್ಲಿ ಬದುಕಿದ್ದು ಕಡಿಮೆ.

“ಉಚ್ಚೆಗೆ ಯಾವಾಗ ಹೋಗಿದ್ದೆ?”

“ನಿನ್ನೆ ಒಂಚೂರು. ಕಪ್ಪು ಟೀ ಇದ್ದಂಗಿತ್ತು.”

ಗಿರಿಯಮ್ಮ ಅಂಗಳಕ್ಕೆ ಓಡಿದಳು. “ಲೇ ಜಯರಾಮು! ಕುರಿ ಆಮೇಲೆ ಬುಡು. ನೂರೆಂಟಕ್ಕೆ ಫೋನ್ ಮಾಡ್ಲಾ!”

“ಬಯಕೆ ಅಂದಿದ್ದು ನೀನೇ ಅಲ್ವಾ ಅವ್ವ? ಇಷ್ಟಕ್ಕೆಲ್ಲ ಆಂಬುಲೆನ್ಸ್ ಕರುದ್ರೆ ಹಟ್ಟಿಯೋರು ನಗ್ತಾರೆ.”

“ನಗ್ಲಿ. ನಾನಂದಿದ್ದು ತಪ್ಪು. ಬಯಕೆ ಆಗಿದ್ರೆ ಏನಾರ ಬಯಸ್ತಿದ್ಳು ಕಣ್ಲಾ. ಈ ಹುಡ್ಗಿ ಮೈಗೆ ನೀರೇ ಬ್ಯಾಡವಾಗೈತೆ!”

ಶಿರಾ ಆಸ್ಪತ್ರೆಯಲ್ಲಿ ಡಾಕ್ಟರ್ ಲೋಹಿತಾ ವನಜಾಕ್ಷಿಯ ನಾಲಿಗೆ, ನಾಡಿ ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಸಲೈನ್ ಹಾಕಿಸಿದರು. ವಾಂತಿ ನಿಲ್ಲುವುದಕ್ಕೊಂದು ಇಂಜೆಕ್ಷನ್ ಕೊಡಿಸಿದರು.

“ಹೊಟ್ಟೆಗೆ ಏನೂ ಇಲ್ದೆ ಮೈ ತನ್ನ ಕೊಬ್ಬನ್ನೇ ಕರಗಿಸ್ಕೊಳ್ತಿದೆ. ಉಸಿರಲ್ಲಿ ಬರ್ತಿರೋ ವಾಸನೆ ಅದರದ್ದೇ. ನೀರೂ ನಿಲ್ಲದಿದ್ರೆ, ಮೂತ್ರ ಕಮ್ಮಿ ಆದ್ರೆ ಅವತ್ತೇ ಬರಬೇಕಮ್ಮ. ಇನ್ನೂ ತಡ ಮಾಡಿದ್ರೆ ಜೀವಕ್ಕೇ ಅಪಾಯ ಇತ್ತು.”

ಗಿರಿಯಮ್ಮ ತಲೆತಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, “ನಮ್ಮ ಕುರಿಗೆ ಅವಳಿ ಇದ್ರೆ ಇಂಗಾಯ್ತದೆ. ಇವಳ್ಗೂ ಎರಡು ಮರಿನಾ ಮೇಡಮ್ಮೋರೆ?” ಎಂದಳು.

ಡಾಕ್ಟರ್ ನಕ್ಕರು. “ಸ್ಕ್ಯಾನಿಂಗ್ ಮಾಡಿ ಹೇಳ್ತೀನಿ. ಮೊದಲು ತಾಯಿ ಚೇತರಿಸ್ಕೊಳ್ಳಲಿ.”

ಮಾರನೆಯ ದಿನ ವನಜಾಕ್ಷಿ ಕುಡಿದ ನೀರು ಹೊಟ್ಟೆಯಲ್ಲಿ ನಿಂತಿತು. ಸಂಜೆಗೆ ನಾಲ್ಕು ಚಮಚ ಗಂಜಿಯೂ ಉಳಿಯಿತು. ಅವಳು ಕಣ್ಣರಳಿಸಿ, “ಅತ್ತೆ, ಒಂದು ಕೇಳ್ತೀನಿ, ಬ್ಯಾಸ್ರ ಮಾಡ್ಕೋಬ್ಯಾಡಿ,” ಎಂದಳು.

“ಕೇಳವ್ವ, ಕೇಳು!”

“ನಿಮ್ಮ ಕಂಬಳಿ ತಗೊಂಡು ಒಸಿ ಆಚೆ ಕೂತ್ಕಳ್ಳಿ. ಕುರಿ ವಾಸ್ನೆಗೆ ಹೊಟ್ಟೆ ತೊಳಸ್ತದೆ.”

ಗಿರಿಯಮ್ಮ ಕಂಬಳಿ ಹೆಗಲಿಗೆಸೆದು ವಾರ್ಡಿನ ಬಾಗಿಲಾಚೆ ಹೋಗಿ ಕೂತಳು. ಅಲ್ಲಿಂದಲೇ ಹಟ್ಟಿಗೆ ಫೋನು ಹೋಯಿತು.

“ಲೇ ಜಯರಾಮು, ನಿನ್ನೆಂಡ್ರು ಬಯಕೆ ಹೇಳ್ಬುಟ್ಳು ಕಣ್ಲಾ!”

“ಏನು ಬೇಕಂತೆ ಅವ್ವ?”

“ನಾನು ದೂರ ಇರ್ಬೇಕಂತೆ!” ಎಂದು ಗಿರಿಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.