ತಬಸ್ಸುಮಳ ವಕೀಲ

ಬಸವಕಲ್ಯಾಣದ ಕೋಟೆಯ ಹಿಂದಿನ ಓಣಿಯಲ್ಲಿ ಸಲಾವುದ್ದೀನನದು ಮುಂದೆ ಗಾದಿ ಅಂಗಡಿ, ಹಿಂದೆ ಮನೆ. ಅಣ್ಣ ಮುಜಾಫರ್ ಜೈಲಿನಿಂದ ಬರುವವರೆಗೆ ಬೆಳಗಿನ ಮೊದಲ ಚಹಾ ಸಲಾವುದ್ದೀನನಿಗೇ ಬರುತ್ತಿತ್ತು. ಈಗ ತಾಯಿ ಹಜಿರಾ ಬೀ ಚಹಾದ ಕಪ್ಪು-ಬಸಿ ಹಿಡಿದು ಮೊದಲು ಅಣ್ಣನ ಬಳಿಗೆ ಹೋಗುತ್ತಾಳೆ.

ಮುಜಾಫರ್ ಲಾರಿ ಓಡಿಸುತ್ತಿದ್ದವನು. ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಲಾರಿಗಳ ಸರದಿಗಾಗಿ ಜಗಳವಾದಾಗ ಅವನು ತಳ್ಳಿದ ಮನುಷ್ಯ ಬಿದ್ದು ಸತ್ತ. ಅವನು ತಪ್ಪನ್ನು ಅಲ್ಲಗಳೆಯಲಿಲ್ಲ. ಶಿಕ್ಷೆಯನ್ನು ಪೂರ್ತಿ ಅನುಭವಿಸಿ ಬಂದ. ಆದರೆ ಓಣಿಯ ಶಿಕ್ಷೆ ಮುಗಿದಿರಲಿಲ್ಲ. ಯಾರೂ ಅವನ ಕೈಗೆ ಲಾರಿ ಕೊಡಲಿಲ್ಲ. ಮದುವೆ ಮನೆಯಲ್ಲಿ ಊಟದ ದಸ್ತರಖಾನ ಹಾಸಿದರೆ ಅವನನ್ನು ಎಲ್ಲರ ಜೊತೆ ಕೂಡಿಸುತ್ತಿರಲಿಲ್ಲ. ಹೊರಗೆ, ಅಡುಗೆಯವರ ಹತ್ತಿರ ತಾಟು ಕೊಡುತ್ತಿದ್ದರು. ಅದು ರಿವಾಜು ಎನ್ನುತ್ತಿದ್ದರು ಹಿರಿಯರು.

ಇದೆಲ್ಲ ಕಣ್ಣಾರೆ ಕಂಡರೂ ಸಲಾವುದ್ದೀನನ ಹೊಟ್ಟೆ ಉರಿಯುತ್ತಿತ್ತು. ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಿದವನು ತಾನು, ಅಂಗಡಿ ಉಳಿಸಿದವನು ತಾನು. ನಮಾಜಿನ ಬಳಿಕ ಅಮ್ಮನ ದುವಾದಲ್ಲಿ ಮಾತ್ರ ಮೊದಲು ಮುಜಾಫರನ ಹೆಸರು. ಎಲ್ಲಕ್ಕಿಂತ ಚುಚ್ಚುತ್ತಿದ್ದುದು ಮಗಳು ತಬಸ್ಸುಮಳ ನಗು. ದೊಡ್ಡಪ್ಪನ ಜೊತೆ ಅರಳೆ ಬಿಡಿಸುತ್ತ ಅವಳು ‘ಬಡೇ ಅಬ್ಬಾ, ಬಡೇ ಅಬ್ಬಾ’ ಎಂದು ನಗುತ್ತಿದ್ದಳು. ಅಂಗಡಿಯಲ್ಲಿ ಕೂತವನಿಗೆ ಆ ‘ಅಬ್ಬಾ’ ಒಂದೇ ಕೇಳುತ್ತಿತ್ತು.

“ನನ್ನ ಮುಂದ ಹಿಂಗ ಯಾವತ್ತರ ನಕ್ಕಾಳೇನು?” ಎಂದು ಹೆಂಡತಿ ಕರೀಮಾಳನ್ನು ಕೇಳಿದ.

“ನೀವು ಯಾವತ್ತರ ಅಕಿ ಜೋಡಿ ಕುಂತೀರೇನು?” ಎಂದಳು ಕರೀಮಾ.

ಹುಮನಾಬಾದಿನ ಜೀಶಾನ್‌ನೊಂದಿಗೆ ತಬಸ್ಸುಮಳ ನಿಕಾಹ್ ಗೊತ್ತಾಯಿತು. ಮೊಹಲ್ಲಾದ ಹಿರಿಯ, ಓಣಿಯ ಮಕ್ಕಳಿಗೆ ಕುರಾನ್ ಕಲಿಸಿದ ಕಾಸಿಂ ಸಾಬರು ಬಂದು ಕೂತರು.

“ನಿಕಾಹ್‌ದಾಗ ನಿಮ್ಮಣ್ಣ ಇರೋದು ಬ್ಯಾಡ. ಬೀಗರ ಮುಂದ ಮೊಹಲ್ಲಾದ ಇಜ್ಜತ್ ಹೋಗ್ತದ.”

“ಅವ ಸಜಾ ಮುಗಿಸಿ ಬಂದಾನ್ರಿ,” ಎಂದಳು ಹಜಿರಾ ಬೀ. “ಇನ್ನ ಯಾರ ಸಜಾ ಉಳದದ?”

“ಅದು ಸರಕಾರದ್ದು. ರಿವಾಜ್ ಬ್ಯಾರೆ.”

ಸಲಾವುದ್ದೀನನ ಎದೆ ತಣ್ಣಗಾಯಿತು. ಆ ಒಂದು ದಿನವಾದರೂ ಮಗಳಿಗೆ ತಾನೊಬ್ಬನೇ ಅಬ್ಬಾ. “ಆಗ್ಲಿರಿ,” ಎಂದ. ಕಾಸಿಂ ಸಾಬರ ಹುಕುಂ, ಕೊಹಿನೂರ ಹಳ್ಳಿಯ ಸೋದರತ್ತೆಯ ಮನೆಗೆ ಹೋಗಿರು ಎಂದು ಅಣ್ಣನಿಗೆ ಹೇಳಿದ. ಮುಜಾಫರ್ ನಿಕಾಹ್‌ನ ಮುಂಜಾನೆ ಬಸ್ಸು ಹತ್ತಿದ.

ಮಧ್ಯಾಹ್ನ ವಧುವಿನ ಒಪ್ಪಿಗೆ ಕೇಳುವ ವಕೀಲರಾಗಿ ಕಾಸಿಂ ಸಾಬರೇ ಸಾಕ್ಷಿಗಳೊಂದಿಗೆ ಪರದೆಯ ಬಳಿ ಬಂದರು.

“ನನ್ನ ವಕೀಲ ನೀವಲ್ಲರಿ, ನಮ್ಮ ಬಡೇ ಅಬ್ಬಾ,” ಎಂದಳು ತಬಸ್ಸುಮ. “ಅವ್ರು ಬಂದು ಕೇಳಿದ್ರ ಹೇಳ್ತೀನಿ.”

“ಜೈಲಿಗೆ ಹೋಗಿ ಬಂದವ್ರು ವಕೀಲ ಆಗಾಕ ಬರಲ್ಲ, ಬೇಟಿ.”

“ಯಾವ ಕಿತಾಬ್‌ದಾಗ ಅದರಿ? ತಪ್ಪಿಗೆ ತೌಬಾ ಮಾಡಿದವ್ರನ್ನ ಅಲ್ಲಾಹ್ ಮಾಫ್ ಮಾಡ್ತಾನ ಅಂತ ನಮಗ ಕಲಿಸಿದವ್ರು ನೀವ. ಅವನೇ ಮಾಫ್ ಮಾಡಿದ ಮ್ಯಾಲೆ ನೀವು ಬಾಗಲಾ ಹಾಕೋದ್ಯಾಕ?”

ಬೀಗರಲ್ಲಿ ಗುಸುಗುಸು ಎದ್ದಿತು. ಜೀಶಾನ್ ಹೇಳಿಕಳಿಸಿದ: “ಅವ್ರು ಬರೂತನಕ ಕುಂದರ್ತೀನಿ.”

ಕಾಸಿಂ ಸಾಬರು ಸಲಾವುದ್ದೀನನತ್ತ ನೋಡಿದರು. ಅವನೊಮ್ಮೆ ಗದರಿದ್ದರೆ ಎಲ್ಲ ಮುಗಿಯುತ್ತಿತ್ತು. ತನಗಾಗಿ ಮಗಳು ಎಂದಾದರೂ ಹೀಗೆ ಹಟ ಹಿಡಿದಿದ್ದಳೇ ಎಂದು ಅವನ ಒಳಗು ಬೇಯುತ್ತಿತ್ತು. ಆದರೆ ಪರದೆಯ ಆಚೆಯಿಂದ ಅವಳ ಬಿಕ್ಕು ಕೇಳಿತು. ಅವನು ಸ್ಕೂಟರ್ ಕೀಲಿ ತೆಗೆದುಕೊಂಡ.

ಕೊಹಿನೂರದಲ್ಲಿ ಮುಜಾಫರ್ ಎಮ್ಮೆಗೆ ಮೇವು ಹಾಕುತ್ತಿದ್ದ. ತಮ್ಮನನ್ನು ಕಂಡು ಗಾಬರಿಯಾದ. “ಏನಾತೋ? ತಬಸ್ಸುಮ ಆರಾಮ ಅದಾಳಿಲ್ಲೋ?”

“ನಿನ್ನ ಕರಿಯಾಕತ್ತಾಳ. ಭಾಯ್, ನಿನ್ನ ಇಲ್ಲಿಗಿ ಕಳಿಸಿದವ ಕಾಸಿಂ ಸಾಬ್ ಅಲ್ಲ, ನಾನ. ನಿನ್ನ ಮ್ಯಾಲೆ ನಂಗ ಹೊಟ್ಟಿಕಿಚ್ಚು.”

ಮುಜಾಫರ್ ಕೈಯೊರೆಸಿಕೊಂಡ. “ಜೈಲಿನ್ಯಾಗ ಕುಂತು ನಾನೂ ನಿನ್ನ ಮ್ಯಾಲೆ ಅದನ್ನ ಪಟ್ಟೀನಿ. ನೀ ಅಮ್ಮನ ಕೈಯಾಗಿನ ರೊಟ್ಟಿ ತಿನ್ನಾಕತ್ತಿದ್ದಿ. ಹುಡುಗಿ ನಿನ್ನ ಕಣ್ಣ ಮುಂದ ಬೆಳಿಯಾಕತ್ತಿದ್ಲು.”

ಸಲಾವುದ್ದೀನ್ ಸ್ಕೂಟರ್ ತಿರುಗಿಸಿ ನಿಲ್ಲಿಸಿದ; ಅಣ್ಣ ಹತ್ತಿದ.

ಪರದೆಯ ಬಳಿ ಮುಜಾಫರ್ ಒಪ್ಪಿಗೆ ಕೇಳಿದ, ತಬಸ್ಸುಮ “ಕಬೂಲ್” ಎಂದಳು. ಊಟಕ್ಕೆ ದಸ್ತರಖಾನ ಹಾಸಿದಾಗ ಸಲಾವುದ್ದೀನ್ ಅಣ್ಣನ ಕೈಹಿಡಿದು ಬೀಗರ ನಡುವೆ ಕೂಡಿಸಿದ. ಅವನ ಹೊಟ್ಟೆಕಿಚ್ಚು ಅಂದೇ ಆರಿತೆಂದರೆ ಸುಳ್ಳಾದೀತು. ಕಾಸಿಂ ಸಾಬರು ಎದ್ದು ಹೊರಗೆ ಹೋದರು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಏಳಲಿಲ್ಲ. ಮುಜಾಫರ್ ತಲೆ ತಗ್ಗಿಸಿಯೇ ಕೂತಿದ್ದ. ಹುಮನಾಬಾದಿನ ಒಬ್ಬ ಮುದುಕರು ತಾಟನ್ನು ಅವನತ್ತ ಸರಿಸಿ, “ತಗೋರಿ,” ಎಂದರು.