ಮೂರನೇ ಚರಣದ ಅವಳು

ಗಾರ್ಗಿಗೆ ಫಿನ್ನಿಶ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಪರದೇಶದ ಪಾಪ್ ಹಾಡುಗಳಿಗೆ ಇಂಗ್ಲಿಷ್ ಸಾಹಿತ್ಯ ಬರೆಸುವ ಕಂಪನಿಯವರೇ ಪದಕ್ಕೆ ಪದ ಅರ್ಥ ಕಳಿಸುತ್ತಿದ್ದರು. ಅದನ್ನು ಟ್ಯೂನಿಗೆ ಕೂರಿಸಿಕೊಡುವುದಷ್ಟೇ ಸಿದ್ಧಾರ್ಥನಗರದ ಈ ನಿವೃತ್ತ ಇಂಗ್ಲಿಷ್ ಮೇಡಂ ಕೆಲಸ.

ಈ ಸಲದ ಹಾಡಿನಲ್ಲಿ ಯಾರೋ ಮನೆ ಬಿಟ್ಟು ಹೋಗಿದ್ದರು. ಹೋದವರು ಗಂಡೋ ಹೆಣ್ಣೋ ಮೂಲದಲ್ಲಿ ಇರಲಿಲ್ಲ. ಆ ಭಾಷೆಯಲ್ಲಿ ಎರಡಕ್ಕೂ ಒಂದೇ ಪದ, ನಮ್ಮ 'ಅವರು' ಇದ್ದ ಹಾಗೆ. ಇಂಗ್ಲಿಷಿಗೆ ಅಷ್ಟು ಸಾಲದು. ಬರೆದು ಹಾಡಿದವಳು ಹೆಂಗಸು, ಪ್ರೇಮಗೀತೆಯೇ ಇರಬೇಕೆಂದುಕೊಂಡು ಗಾರ್ಗಿ 'ಹಿ' ಎಂದು ಬರೆದರು. 'ತಣ್ಣನೆಯ ಕೈ' ಎಂದಿದ್ದ ಕಡೆ ತಣ್ಣನೆಯ ಮುತ್ತೊಂದನ್ನೂ ಸೇರಿಸಿದರು.

ಮಾದರಿಗೆ ಹಾಡಿಸಿ ಕಳಿಸಬೇಕಿತ್ತು. ಕುಂಬಾರಕೊಪ್ಪಲಿನಲ್ಲಿ ಮೋಹನ್ ತನ್ನ ಮನೆಯ ಮುಂದಿನ ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡಿದ್ದ. ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡುವ ವಾಣಿ ಬಂದಳು. ಎರಡು ಚರಣ ಸಲೀಸಾಗಿ ಹೋಯಿತು. ಮೂರನೆಯದರಲ್ಲಿ ಮೋಹನ್ ಕೈಯೆತ್ತಿದ.

"'ಶಿ' ಅಂದ್ಬುಟ್ಟೆ ಕಣಮ್ಮ."

"ಇಲ್ಲಣ್ಣ, 'ಹಿ' ಅಂತಾನೇ ಅಂದೆ."

ಹಾಕಿ ಕೇಳಿಸಿದ. 'ಶಿ' ಎಂದೇ ಇತ್ತು. ವಾಣಿ ನಕ್ಕಳು. ಮತ್ತೆ ಹಾಡಿದಾಗಲೂ ಹಾಗೇ ಆಯಿತು. ಐದನೇ ಸಲಕ್ಕೆ ಅವಳು ನಗುತ್ತಿರಲಿಲ್ಲ.

"ಮೇಡಂ, ನನ್ನ ಬಾಯಲ್ಲಿ 'ಹಿ' ಅಂತಾನೇ ಬತ್ತಾ ಇರೋದು. ಆಣೆ ಮಾಡ್ತೀನಿ," ಎಂದು ಗಾರ್ಗಿಯ ಕೈ ಹಿಡಿದುಕೊಂಡಳು. ಅವಳ ಅಂಗೈ ಬೆವೆತು ತಣ್ಣಗಿತ್ತು.

ಮನೆಗೆ ಬಂದ ಗಾರ್ಗಿ, ಕಂಪನಿಯ ಮೂಲಕ ಹಾಡು ಬರೆದವಳಿಗೆ ಒಂದೇ ಪ್ರಶ್ನೆ ಕಳಿಸಿದರು: ಹೋದವರು ಯಾರು?

ಎರಡು ದಿನ ಬಿಟ್ಟು ಉತ್ತರ ಬಂತು. "ನನ್ನ ತಂಗಿ. ಹನ್ನೊಂದು ವರ್ಷದವಳು. ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆದುಹೋದಳು, ಮಂಜುಗಡ್ಡೆ ಒಡೆಯಿತು. ನಾನು ದಡದಲ್ಲಿ ನಿಂತಿದ್ದೆ. ಯಾರೂ ಹುಡುಕದಿರಲೆಂದೇ ಅವಳನ್ನು ಆ ಪದದೊಳಗೆ ಬಚ್ಚಿಟ್ಟೆ. ದಯವಿಟ್ಟು 'ಶಿ' ಎಂದು ಬರೆಯಬೇಡಿ."

ಗಾರ್ಗಿಗೆ ಮೊದಲು ನೆನಪಾದದ್ದು ತಾವು ಸೇರಿಸಿದ ಆ ಮುತ್ತು. ನಾಚಿಕೆಯಿಂದ ಹೊಡೆದುಹಾಕಿದರು. 'ಹಿ' ಸುಳ್ಳು, 'ಶಿ' ಕೂಡದು. ಇಡೀ ದಿನ ಒದ್ದಾಡಿ ಎಲ್ಲ ಕಡೆಯೂ 'ಯು' ಎಂದು ತಿದ್ದಿದರು. 'ನೀನು' ಯಾರಿಗಾದರೂ ಸಲ್ಲುತ್ತದೆ.

ಮಾರನೆಯ ದಿನ ಮಧ್ಯಾಹ್ನ ವಾಣಿ ಅದನ್ನು ಒಂದೇ ಸಲಕ್ಕೆ ಹಾಡಿದಳು. ಎಲ್ಲೂ ತಪ್ಪಲಿಲ್ಲ. ಮೂರನೇ ಚರಣ ಬಂದಾಗ ಮಾತ್ರ ಕಾಗದದಿಂದ ಕಣ್ಣು ತೆಗೆದು, ಬಾಗಿಲ ಬಳಿ, ಒಂದು ಮಗುವಿನ ಮುಖ ಇರಬಹುದಾದ ಎತ್ತರಕ್ಕೆ ನೋಡುತ್ತ ಹಾಡಿದಳು. ಉತ್ತರ ಬಂದ ವಿಷಯ ಅವಳಿಗೆ ಯಾರೂ ಹೇಳಿರಲಿಲ್ಲ. ಮೋಹನ್ ತಿರುಗಿ ನೋಡಿದ. ಅಲ್ಲಿ ಮೂವರ ಚಪ್ಪಲಿಗಳಷ್ಟೇ ಇದ್ದವು.

"ಯಾರನ್ನ ನೋಡ್ತಿದ್ದೆ ವಾಣಿ?" ಗಾರ್ಗಿ ಮೆಲ್ಲಗೆ ಕೇಳಿದರು.

"ನೀನು ಅನ್ನೋವಾಗ ಯಾರನ್ನಾದ್ರೂ ನೋಡ್ಲೇಬೇಕಲ್ವಾ ಮೇಡಂ," ಎಂದಳು. ನೀರು ಕುಡಿದು, ಸಂಜೆ ಕಾರ್ಯಕ್ರಮವಿದೆಯೆಂದು ಬೇಗ ಹೊರಟುಬಿಟ್ಟಳು.

ಹಾಡು ಹೋಯಿತು. ಕಂಪನಿಯವರು ಒಪ್ಪಿದರು. ಹಾಡು ಬರೆದ ಹೆಂಗಸಿನಿಂದಲೂ ಒಂದು ಮೇಲ್ ಬಂತು.

"ಇಷ್ಟು ವರ್ಷ ಅವಳ ಬಗ್ಗೆ ಹಾಡುತ್ತಿದ್ದೆ. ಅವಳನ್ನು ಕರೆದಿರಲೇ ಇಲ್ಲ. ನಿನ್ನೆ ಕೆರೆಗೆ ಹೋಗಿ, ನಿಮ್ಮ ಮಾತುಗಳಲ್ಲಿ ಕರೆದೆ."

ಆಮೇಲೇನಾಯಿತೆಂದು ಬರೆದಿರಲಿಲ್ಲ. ಕೇಳುವ ಧೈರ್ಯ ಗಾರ್ಗಿಗೂ ಬರಲಿಲ್ಲ.